ಹದಿನೇಳನೇ ಟ್ರೇ

ಮುಂಗೈ ಮೂಳೆಯ ತುದಿಯಲ್ಲಿ ಸುಣ್ಣದ ಮಣ್ಣು ಗಟ್ಟಿಯಾಗಿ ಕೂತಿತ್ತು. ಹಲ್ಲುಜ್ಜುವ ಬ್ರಷ್ಷನ್ನು ನೀರಿಗೆ ಅದ್ದಿ, ಒಂದೇ ದಿಕ್ಕಿಗೆ, ಮೆತ್ತಗೆ ಉಜ್ಜುತ್ತಿದ್ದೆ. ಒತ್ತಿದರೆ ಚಕ್ಕೆ ಏಳುತ್ತದೆ. ತೊಟ್ಟಿಯ ಆಚೆ ಬದಿ ಗುಡ್ಡದಕ್ಕ ಕೂತಿದ್ದಳು. ನನಗಿಂತ ಎಂಟು ವರ್ಷ ಚಿಕ್ಕವಳು, ಆದರೂ ಎಲ್ಲರೂ ಕರೆಯುವುದು ಹಾಗೇ.

"ಅಜ್ಜೀ, ಬಾಯಲ್ಲಿ ನಾಲ್ಕು ಹಲ್ಲೂ ಇಲ್ಲ, ಬ್ರಷ್ ಮಾತ್ರ ಬಿಡಲ್ಲ ನೀನು."

"ಉಳಿದವು ನಿನ್ನ ಮಾತು ಕೇಳಿ ಕೇಳಿ ಉದುರಿದವು ಕಣೇ."

ನಲವತ್ತು ವರ್ಷದ ಹಿಂದೆ ಸುಣ್ಣದಕಲ್ಲಿನ ಗಣಿಯಲ್ಲಿ ಗುಡ್ಡದ ಮಾತಿನವರೂ ಬಯಲ ಮಾತಿನವರೂ ಒಬ್ಬರನ್ನೊಬ್ಬರು ಕಡಿದುಕೊಂಡಿದ್ದರು. ಸತ್ತವರನ್ನೆಲ್ಲ ಒಂದೇ ಗುಂಡಿಗೆ ತಳ್ಳಿದ್ದರು. ಈಗ ಆ ಗುಂಡಿ ತೆಗೆದಿದ್ದಾರೆ. ನಾವು ಮೂಳೆ ತೊಳೆಯುತ್ತೇವೆ. ಡಾಕ್ಟರಮ್ಮ ಹಲ್ಲು ಪುಡಿಮಾಡಿ ತಾಯಿಯ ಕಡೆಯ ವಂಶ ಹುಡುಕುತ್ತಾರೆ. ತಾಯಿಯಿಂದ ಮಗಳಿಗೆ, ಅವಳಿಂದ ಅವಳ ಮಗಳಿಗೆ ಇಳಿದು ಬರುವ ಒಂದು ಗುರುತು ಮೈಯಲ್ಲಿರುತ್ತದಂತೆ. ಗಂಡುಮಕ್ಕಳಿಗೂ ಬರುತ್ತದೆ, ಆದರೆ ಅವರಲ್ಲೇ ನಿಂತುಹೋಗುತ್ತದೆ. ಗುಡ್ಡದವರ ಗುರುತು ಕಂಡರೆ ಎಡಗಡೆ ಕಪಾಟು, ಬಯಲಿನವರದ್ದಾದರೆ ಬಲಗಡೆಯದ್ದು. ಎರಡು ಕಪಾಟಿಗೆ ಎರಡು ಸ್ಮಶಾನ.

ಅವಳು ಗುಡ್ಡದವಳು, ನಾನು ಬಯಲಿನವಳು. ಅವಳ ಅಣ್ಣನೂ ನನ್ನ ಅಣ್ಣನೂ ಆ ಗುಂಡಿಯಲ್ಲೇ ಇದ್ದಾರೆಂದು ನಂಬಿ ಇಬ್ಬರೂ ಈ ಕೆಲಸಕ್ಕೆ ಸೇರಿದ್ದೆವು. ಅವಳು ಹೋಲಿಸಿ ನೋಡಲು ಜೊಲ್ಲು ಕೊಟ್ಟಿದ್ದಳು. ನಾನು ಇವತ್ತು ನಾಳೆ ಅನ್ನುತ್ತ ತಪ್ಪಿಸಿಕೊಂಡಿದ್ದೆ.

ಮಣ್ಣು ಬಿಟ್ಟಿತು. ಮೂಳೆ ನಡುವೆ ಬಿಲ್ಲಿನ ಹಾಗೆ ಬಾಗಿ ಕೂಡಿಕೊಂಡಿತ್ತು. ನನ್ನ ಕೈ ನಿಂತಿತು.

ಅಟ್ಟದ ಏಣಿ ಎಳೆದವಳು ನಾನೇ. ಅಣ್ಣ ಮೇಲಿಂದ ಬಿದ್ದು ಕೈ ಮುರಿದುಕೊಂಡ, ಅವನಿಗೆ ಆಗ ಹನ್ನೆರಡು. ಬಿದಿರಿನ ಪಟ್ಟಿ ಕಟ್ಟಿದವನು ಸೊಟ್ಟಗೆ ಕಟ್ಟಿದ, ಎಡಗೈ ಸೊಟ್ಟಗೇ ಕೂಡಿತು. ಊಟಕ್ಕೆ ಕೂತಾಗೆಲ್ಲ ಅದನ್ನು ನನ್ನ ಮೂಗಿನ ಮುಂದೆ ಹಿಡಿದು, "ನೋಡು, ನಿನ್ನ ಕೈಕೆಲಸ" ಎನ್ನುತ್ತಿದ್ದ.

ಮೂರು ವಾರಕ್ಕೆ ಆ ಮೂಳೆಯಿದ್ದ ಹದಿನೇಳನೇ ಟ್ರೇ ಎಡಗಡೆ ಕಪಾಟಿಗೆ, ಗುಡ್ಡದವರ ಪಾಲಿಗೆ ಹೋಯಿತು. ನನಗೆ ಆಶ್ಚರ್ಯವಾಗಲಿಲ್ಲ. ಸಾಯುವ ವರ್ಷ ಅಮ್ಮ ನನಗೊಬ್ಬಳಿಗೇ ಹೇಳಿದ್ದಳು: "ನಾನು ಗುಡ್ಡದವಳು. ಆರು ವರ್ಷದವಳಿದ್ದಾಗ ಈ ಬಯಲಿನವರು ಬಂದು ನಮ್ಮ ಕೇರಿ ಸುಟ್ಟರು. ಓಡುವಾಗ ಅಕ್ಕನ ಕೈ ತಪ್ಪಿತು, ನನ್ನನ್ನ ಹಿಡಿದು ತಂದರು. ಹೊರಗೆ ಬಾಯಿ ಬಿಟ್ಟೀಯಾ, ಜೋಕೆ."

ಜೊಲ್ಲು ಕೊಡದವರು ಸತ್ತವರನ್ನು ನಮ್ಮವರೆಂದು ಕೇಳಬೇಕಾದರೆ ಬಾಯಿಮಾತು ನಡೆಯದು, ದೊಡ್ಡ ಕಚೇರಿಗೆ ಸಹಿ ಹಾಕಿದ ಕಾಗದ ಹೋಗಬೇಕು. ಅದನ್ನು ಹದಿನೈದು ದಿನ ಹೊರಗಿನ ಹಲಗೆಗೆ ಅಂಟಿಸುತ್ತಾರೆ, ತಕರಾರಿದ್ದವರು ಹೇಳಲಿ ಎಂದು. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು. ಎರಡು ದಿನ ಕೂತು ಬರೆದೆ. ಮಗ ಓದಿದ. ಅವನು ಬಯಲಿನವರ ಸಮಿತಿಯಲ್ಲಿ ಮುಂದೆ ನಿಂತು ಕೂಗುವವನು.

"ಅಮ್ಮಾ, ತಲೆ ಸರಿ ಇದೆಯಾ? ಇದು ಹಲಗೆ ಮೇಲೆ ಬಂದ್ರೆ ನಾವು ಯಾರು ಅಂತ ಆಗುತ್ತೆ? ನನ್ನ ಮಗಳನ್ನ ಯಾರು ತಗೋತಾರೆ?"

"ಅವನು ನಿನ್ನ ಸೋದರಮಾವ ಕಣೋ."

"ಸತ್ತವನಿಗೆ ಯಾವ ಮಣ್ಣಾದ್ರೇನು? ಬದುಕಿರೋರ ಬಾಯಿಗೆ ಮಣ್ಣು ಹಾಕಬೇಡ."

ಮೊಮ್ಮಗಳ ಮುಖ ನೋಡಿ ಕಾಗದವನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ. ನಾಲ್ಕು ತಿಂಗಳಾಯಿತು.

ಕಳೆದ ಸೋಮವಾರ ಡಾಕ್ಟರಮ್ಮ ತೊಟ್ಟಿಯ ಹತ್ತಿರ ಬಂದರು. "ಗುಡ್ಡದಕ್ಕಾ, ಹದಿನೇಳು ನಿನ್ನ ತಾಯಿಯ ವಂಶದ್ದೇ. ವಯಸ್ಸು, ಎತ್ತರ ಎಲ್ಲ ಹೊಂದುತ್ತೆ. ನಿಮ್ಮಣ್ಣನ ಕೈ ಮುರಿದಿತ್ತಾ?"

"ಚಿಕ್ಕವನಿದ್ದಾಗಲೇ ಗಣಿಗೆ ಹೋದವನು ಕಣಮ್ಮಾ. ಅಲ್ಲಿ ಏನೇನು ಮುರೀತೋ."

"ಹಾಗಾದ್ರೆ ಅವನೇ. ಶುಕ್ರವಾರ ಮಣ್ಣು. ನಿನ್ನ ಫೈಲು ಮುಚ್ತೀನಿ."

ಅವಳು ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡಳು. ನಾನು ಬ್ರಷ್ ಹಿಡಿದು ಕೂತೇ ಇದ್ದೆ. ಹದಿನೇಳು ನನ್ನಣ್ಣ. ಅವನು ಇವಳ ತಾಯಿಯ ವಂಶವಾದರೆ, ಅಮ್ಮನ ಕೈಯಿಂದ ತಪ್ಪಿದ ಆ ಅಕ್ಕನೇ ಇವಳ ತಾಯಿ ಇರಬೇಕು. ಎರಡು ವರ್ಷ ಎದುರುಬದುರು ಕೂತು ಬೈದಾಡಿದವಳು ನನ್ನ ದೊಡ್ಡಮ್ಮನ ಮಗಳು. ಆ ಗುರುತು ಒಂದೇ ತಾಯಿಬೇರು ಅನ್ನುತ್ತದೆ ಅಷ್ಟೆ. ಅಕ್ಕನ ಮಗನೋ ತಂಗಿಯ ಮಗನೋ ಎಂದು ಹೇಳುವುದಿಲ್ಲ. ಫೈಲು ಮುಚ್ಚಿದರೆ ಅವಳ ನಿಜವಾದ ಅಣ್ಣನನ್ನು ಇನ್ನು ಯಾರೂ ಹುಡುಕುವುದಿಲ್ಲ.

ಗುರುವಾರ ಊಟದ ಬಿಡುವಿನಲ್ಲಿ ಅವಳು ಬಿಳಿ ಬಟ್ಟೆಗೆ ಅಂಚು ಹೊಲಿಯುತ್ತಿದ್ದಳು, ಅಣ್ಣನನ್ನು ಸುತ್ತಲು. ಅವಳಿಗೆ ಓದು ಬಾರದು. ಪಕ್ಕದಲ್ಲಿ ಕೂತು ಕಾಗದ ತೆಗೆದು ಮೊದಲಿಂದ ಕೊನೆಯವರೆಗೆ ಓದಿದೆ. ಏಣಿಯ ವಿಷಯ ಬಂದಾಗ ಅವಳ ಸೂಜಿ ನಿಂತಿತು.

"ಯಾವತ್ತು ಬರೆದದ್ದು?"

"ನಾಲ್ಕು ತಿಂಗಳಾಯ್ತು."

"ನಾಲ್ಕು ತಿಂಗಳು." ದಾರವನ್ನು ಹಲ್ಲಿನಿಂದ ಕಡಿದಳು. "ಮೂರು ದಿನದಿಂದ ಈ ಬಟ್ಟೆ ಹೊಲೀತಿದೀನಿ. ಎದುರಿಗೇ ಕೂತಿದ್ದೆಯಲ್ಲೇ ನೀನು."

"ಹೂಂ."

"ನನ್ನಣ್ಣ ಎಲ್ಲಿ ಹಾಗಾದ್ರೆ?"

"ಗೊತ್ತಿಲ್ಲ. ತೊಳೆಯದ ಮೂಟೆ ಇನ್ನೂ ಹನ್ನೊಂದಿವೆ."

ಅವಳು ಬಟ್ಟೆ ಮಡಚಿ ಪಕ್ಕಕ್ಕಿಟ್ಟಳು. ನಾನು ಅವಳ ತೋಳು ಮುಟ್ಟಲು ಹೋದೆ.

"ಮುಟ್ಟಬೇಡ. ತಂಗಿ ಗಿಂಗಿ ಅಂತ ಈಗ ಬರಬೇಡ. ಮೊದಲು ಅದನ್ನ ಟಪಾಲಿಗೆ ಹಾಕಿ ಬಾ, ನಾಳಿನ ಮಣ್ಣು ನಿಲ್ಲಲಿ."

ಓಣಿಯ ಕೊನೆಯಲ್ಲಿ ಟಪಾಲು ಗುಮಾಸ್ತ ಸಂಜೆಗೆ ದೊಡ್ಡ ಕಚೇರಿ ಸೇರುವ ಮಧ್ಯಾಹ್ನದ ಚೀಲ ಕಟ್ಟುತ್ತಿದ್ದ. ನಮ್ಮ ಕೇರಿಯವನೇ. ವಿಳಾಸ ಓದಿ ಹುಬ್ಬೇರಿಸಿದ.

"ಅಜ್ಜೀ, ಇದು ಹಲಗೆಗೆ ಹೋಗೋ ಕಾಗದ. ನಿಮ್ಮ ಮಗನಿಗೆ ಗೊತ್ತಾ?"

"ಹಲಗೆ ನೋಡಿ ತಿಳ್ಕೊಳ್ಳಲಿ. ಠಸ್ಸೆ ಒತ್ತು."

ಅವನು ಒತ್ತಿ ಚೀಲಕ್ಕೆ ಹಾಕಿ ಅದರ ಬಾಯಿ ಬಿಗಿದ.