ಎಡಗೈಗೊಂದು ಹೊಸ ನೀಲಿ

ನೀಲಿ, ಅಯ್ಯೋ ಎಂಥ ನೀಲಿ, ನಿಬ್ಬಿನ ತುದಿಯಲ್ಲಿ ಒಂದು ಹನಿ ನಿಂತುಕೊಂಡು ಬೀಳಲೋ ಬೇಡವೋ ಎಂದು ಯೋಚಿಸುತ್ತಿದೆ, ಬೀಳಬೇಡ ಮಾರಾಯ, ಈ ಕಾಗದದ ಮೇಲಂತೂ ಬೀಳಬೇಡ, ಬಾಟಲಿಯ ಬಾಯಿಗೆ ಮೆಲ್ಲಗೆ ತಾಗಿಸಿದೆ, ಇಳಿಯಿತು. ಬಾಟಲಿಯ ಸೀಲನ್ನು ಪರೀಕ್ಷಾ ವಿಭಾಗದ ಮೇಡಂ ಈಗಷ್ಟೇ ಎಲ್ಲರೆದುರು ಒಡೆದರು, ಮೊದಲೇ ಯಾರೂ ಕೈ ಪಳಗಿಸಿಕೊಂಡಿರಬಾರದು ನೋಡಿ, ಇಬ್ಬರಿಗೂ ಒಂದೇ ಶಾಯಿ, ಒಂದೇ ಕಾಗದ, ಒಂದೇ ಹೆಸರು — ಇಬ್ಬರು ಎಂದರೆ ಒಬ್ಬಳು ನಾನು, ಇನ್ನೊಬ್ಬ ಕಿಟಕಿಯ ಪಕ್ಕ ಕೂತು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಟಕ್ ಟಕ್ ಎನ್ನಿಸುತ್ತಿರುವ ಮುತ್ತಿನ ಮೇಷ್ಟ್ರ ತಂಗಿ ಮಗ, ನಾನು ಬರೆದ ಮೇಲೆ ಅವನ ಸರದಿ, ಬಲಗೈಯವನು, ಅವನಿಗಿರುವ ದೊಡ್ಡ ಅರ್ಹತೆಯೇ ಅದು. ಮುತ್ತಿನ ಮೇಷ್ಟ್ರು ಯಾರಿಗೂ ಪಾಠ ಹೇಳಿದವರಲ್ಲ, ಅಕ್ಷರ ಮುತ್ತಿನ ಹಾಗೆ ಎಂದು ಆ ಹೆಸರು ಅಷ್ಟೆ, ಈ ವಿಶ್ವವಿದ್ಯಾಲಯದ ಪದವಿ ಪತ್ರಗಳ ಮೇಲೆಲ್ಲ ಹೆಸರು ಬರೆದ ಕೈ ಅವರದು, ಈ ತಿಂಗಳು ನಿವೃತ್ತಿ, ಆ ಕುರ್ಚಿ ಖಾಲಿಯಾಗುತ್ತದೆ, ಆ ಕುರ್ಚಿ ನನಗೆ ಬೇಕು, ಬೇಕೆಂದರೆ ಬೇಕು, ರವಾನೆ ವಿಭಾಗದಲ್ಲಿ ಲಕೋಟೆಗೆ ಅಂಟು ಹಚ್ಚಿ ಹಚ್ಚಿ ಸಾಕಾಗಿದೆ, ನನ್ನ ಅಕ್ಷರವೇನು ಕಡಿಮೆಯೇ, ನೋಡಿದವರೆಲ್ಲ ಹೇಳುವುದು ಒಂದೇ ಮಾತು, ಅಕ್ಷರ ಚೆನ್ನಾಗಿದೆ ಕಣ್ರೀ, ಆದ್ರೆ ಕೈ, ಕೈಯೇ ಸರಿಯಿಲ್ಲ. ಕಾಗದವನ್ನು ಬಲಕ್ಕೆ ವಾಲಿಸಿಕೊಂಡೆ. ಅದ್ಯಾಕಮ್ಮಾ ಹಂಗೆ ಮಲಗಿಸ್ತೀಯ, ಜ್ವರ ಬಂದಿದ್ಯಾ ಅದಕ್ಕೆ, ಎಂದರು ಮೇಷ್ಟ್ರು, ಎಲ್ಲರೂ ನಕ್ಕರು, ನಾನೂ ನಕ್ಕೆ, ನಗಲಿ ಬಿಡು, ಮೊದಲ ಅಕ್ಷರದ ತಲೆಕಟ್ಟು ಎಳೆದೆ.

ಹೊಳೆಯುತ್ತಿದೆ. ಒದ್ದೆ ಶಾಯಿ ಹೊಳೆಯುತ್ತದೆ, ಆ ಹೊಳಪು ಆರಿದರೆ ಒಣಗಿತು ಎಂದರ್ಥ, ಬಲಗೈಯವರು ಇದನ್ನೆಲ್ಲ ನೋಡಿಕೊಂಡು ಕೂರಬೇಕಾಗಿಲ್ಲ, ಅವರ ಕೈ ಬರೆದದ್ದನ್ನು ಹಿಂದೆ ಬಿಟ್ಟು ರಾಜನ ಹಾಗೆ ಮುಂದೆ ಹೋಗುತ್ತದೆ, ನನ್ನದು ಈಗ ತಾನೇ ಬರೆದದ್ದರ ಮೇಲೆಯೇ ತೆವಳಿಕೊಂಡು ಬರಬೇಕು, ಒತ್ತಕ್ಷರಗಳಂತೂ ಸಾಲಿನ ಕೆಳಗೆ ಸರಿಯಾಗಿ ಕೈಯ ದಾರಿಯಲ್ಲೇ ಕಾಲು ಚಾಚಿ ಮಲಗಿರುತ್ತವೆ, ಕೈ ಕೆಳಗೆ ಬ್ಲಾಟಿಂಗ್ ಪೇಪರ್ ಇಟ್ಟರೆ ಅದೇ ಜಾರಿ ಎಲ್ಲವನ್ನೂ ಎಳೆದುಬಿಡುತ್ತದೆ, ಕಿರುಬೆರಳಿನ ಕೆಳಗೆ ಅಂಗೈಯ ಅಂಚು, ಅಲ್ಲೇ ಎಲ್ಲ ಬಂದು ಸೇರುವುದು. ಶಾಲೆಯಿಂದ ಬಂದರೆ ಅಮ್ಮ ಬಾಗಿಲಲ್ಲೇ, ಕೈ ತೋರಿಸು, ಬಲಗೈ ಚಾಚಿದರೆ, ಅದಲ್ಲ ಕಳ್ಳಿ, ಇನ್ನೊಂದು, ಅಂಗೈಯ ಅಂಚು ಕಡುನೀಲಿ, ಬಚ್ಚಲಲ್ಲಿ ಕೂರಿಸಿ ಕಲ್ಲಿನಿಂದ ಉಜ್ಜಿ ಉಜ್ಜಿ ಚರ್ಮ ಕೆಂಪಾದರೂ ನೀಲಿ ಹೋಗದು, ಅತ್ತೆ ಒಳಗಿನಿಂದಲೇ, ಈ ಎಡಚೀನ ಮುಂದೆ ಯಾರು ಕಟ್ಕೋತಾರೋ, ಅಮ್ಮ ಉಜ್ಜುವುದನ್ನು ನಿಲ್ಲಿಸಿ, ಕೈ ಸರಿಯಾಗಿರೋರ್ನೆಲ್ಲ ಕಟ್ಕೊಂಡೋರು ಏನು ಸುಖ ಕಂಡ್ರು ಅಂತ ನಿಮ್ಮ ತಮ್ಮನ್ನೇ ಕೇಳಿ ನೋಡಿ ಅತ್ತಿಗೆ — ಹೆ ಹೆ, ನಮ್ಮಮ್ಮ! ಟೀಚರ್ ನನ್ನ ಜಡೆಯ ರಿಬ್ಬನ್ ಬಿಚ್ಚಿ ಅದರಿಂದಲೇ ಎಡಗೈಯನ್ನು ಬೆಂಚಿಗೆ ಕಟ್ಟಿದ್ದರು, ಬಲಗೈಯಲ್ಲಿ ಬರೆದ ಅ ಒದೆ ತಿಂದ ನಾಯಿಯ ಹಾಗೆ ಮುದುರಿಕೊಂಡಿತ್ತು, ಟೀಚರ್ ಆಚೆ ತಿರುಗಿದ ಕೂಡಲೇ ಹಲ್ಲಿನಿಂದ ಗಂಟು ಬಿಚ್ಚಿ ಎಡಗೈಯಲ್ಲಿ ಬರೆದೆ, ದುಂಡಗೆ, ತುಂಬಿದ ಬಟ್ಟಲಿನ ಹಾಗೆ, ನೋಡಿದಿರಾ, ಬಲಗೈಯಲ್ಲಿ ಬರೆದ್ರೆ ಎಷ್ಟು ಚೆನ್ನಾಗಿ ಬರುತ್ತೆ ಎಂದು ಟೀಚರ್ ಇಡೀ ತರಗತಿಗೆ ತೋರಿಸಿದರು, ನಾನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ. ಈಗ ಎರಡನೆಯ ಅಕ್ಷರ, ಅದರ ಕೆಳಗೊಂದು ಒತ್ತು, ಮೊದಲನೆಯದು ಇನ್ನೂ ಹೊಳೆಯುತ್ತಿದೆ, ಆರು, ಆರಪ್ಪಾ, ಬೇಗ ಆರು.

ಹೆಸರೋ, ಹೆಸರಲ್ಲ ಅದು ಮೆರವಣಿಗೆ, ಮುತ್ತಜ್ಜನಿಂದ ಹಿಡಿದು ಮನೆಮಂದಿಯನ್ನೆಲ್ಲ ಹೆಗಲ ಮೇಲೆ ಹೊತ್ತ ಹುಡುಗಿಯ ಹೆಸರು, ಮೇಡಂ ಬೇಕೆಂದೇ ಆರಿಸಿದ್ದಾರೆ, ಹೋದ ವರ್ಷ ನನ್ನ ಮಾನ ಕಳೆದದ್ದು ಇದೇ ಹೆಸರು. ಮೇಷ್ಟ್ರಿಗೆ ಕಣ್ಣಿನ ಆಪರೇಷನ್, ಒಂದು ಕಟ್ಟು ಪದವಿ ಪತ್ರ ನನ್ನ ಪಾಲಿಗೆ ಬಂತು, ಆಗ ಇದ್ದದ್ದು ಮೇಷ್ಟ್ರ ಕಪ್ಪು ಶಾಯಿ, ದಪ್ಪ, ಆ ನುಣುಪು ಕಾಗದದ ಮೇಲೆ ಸಂಜೆಯವರೆಗೂ ಜಿಗುಟು ಜಿಗುಟು, ನಾನು ಬಿಟ್ಟೇನೆಯೇ, ಬಾಗಿಲು ಹಾಕಿಕೊಂಡು ಹಿಂದಿನಿಂದ ಬರೆದೆ, ಹೌದು, ಕೊನೆಯ ಅಕ್ಷರ ಮೊದಲು, ಅದರ ಎಡಕ್ಕೆ ಅದರ ಹಿಂದಿನದು, ಹೀಗೇ ಹಿಮ್ಮುಖವಾಗಿ ಮೊದಲ ಅಕ್ಷರದವರೆಗೆ, ಕೈಗೆ ಮಸಿಯಿಲ್ಲ, ಕಾಗದಕ್ಕೆ ಕಲೆಯಿಲ್ಲ, ನನ್ನಂಥ ಜಾಣೆ ಇನ್ನಾರು ಎಂದುಕೊಂಡು ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿದೆ. ಆ ಹುಡುಗಿ ಬಂದಳು, ಪಾಪ ಜಗಳ ಆಡಲಿಲ್ಲ, ಅಕ್ಕಾ, ನಮ್ಮಜ್ಜನ ಹೆಸರಲ್ಲಿ ಮಧ್ಯದ ಒಂದಕ್ಷರ ಬಿದ್ದುಹೋಗಿದೆ, ಅಜ್ಜ ಏನೂ ಅಂದ್ಕೊಳಲ್ಲ, ತೀರಿಕೊಂಡಿದಾರೆ, ಅಪ್ಪಾನೇ ಕುಣಿದಾಡ್ತಿದಾರೆ. ಹಿಂದಿನಿಂದ ಬರೆಯುವಾಗ ಹೆಸರು ಕಿವಿಗೆ ಕೇಳಿಸುವುದೇ ಇಲ್ಲ, ಬರೀ ಗೆರೆ ಕಾಣುತ್ತದೆ, ಕಾಲು ಕಾಣುತ್ತದೆ, ಕೊಂಬು ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ, ಮೇಡಂ ಕೇಳಿದಾಗ ಹಿಂದಿನಿಂದ ಬರೆದದ್ದನ್ನು ಒಪ್ಪಿಕೊಂಡೆ. ಅವತ್ತು ಮೇಷ್ಟ್ರು ನನ್ನ ಕೈಯನ್ನು ಮೇಡಂ ಮುಂದೆ ಹಿಡಿದು, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಡಂ, ಮುಂದಿಂದ ಬರೆದ್ರೆ ಮಸಿ, ಹಿಂದಿಂದ ಬರೆದ್ರೆ ತಪ್ಪು, ಎಡಗೈಯೋರಿಗೆ ಇದಾಗೋ ಕೆಲಸ ಅಲ್ಲ. ಕೈಯದಲ್ಲ ಮೇಡಂ ತಪ್ಪು, ಶಾಯಿಯದು, ಎಂದೆ. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ, ಎಂದರು ಮೇಷ್ಟ್ರು — ಆ ನಗು, ಆ ಕೋಣೆ, ನಾಚಿಕೆಯಿಂದ ಮೈಯೆಲ್ಲ ಬೆಂಕಿ, ಅಂಟಿನ ಡಬ್ಬದ ಮುಂದೆ ಕೂತು ಅತ್ತದ್ದು ಯಾರಿಗೂ ಗೊತ್ತಿಲ್ಲ. ಈ ವರ್ಷ ಮೇಲಿನವರ ಅಪ್ಪಣೆ ಬಂತು, ಕಪ್ಪಿನಲ್ಲಿ ಬರೆದರೆ ಯಾವುದು ಅಸಲು ಯಾವುದು ಜೆರಾಕ್ಸ್ ಗೊತ್ತಾಗುವುದಿಲ್ಲ, ಇನ್ನು ಮೇಲೆ ನೀಲಿಯಲ್ಲೇ ಬರೆಯಬೇಕು, ಮೇಷ್ಟ್ರು ಸಿಡಿಮಿಡಿಗೊಂಡರು, ನಾನು ಮಾತ್ರ ಹೊಸ ಶಾಯಿ ತೆಳುವಾಗಿದ್ದರೆ ಬೇಗ ಆರೀತು ಎಂದು ಲೆಕ್ಕ ಹಾಕಿದೆ. ಮೇಡಂ ಕರೆದು, ನೀನೂ ಬರಿ, ಆದ್ರೆ ನನ್ನ ಕಣ್ಣೆದುರಿಗೆ, ಮುಂದಿನಿಂದ, ಎಲ್ಲರ ಹಾಗೆ, ಈ ಸಲ ಮಸಿ ಆದ್ರೆ ಇನ್ಮೇಲೆ ಈ ಮಾತು ಎತ್ತಬೇಡ, ಎಂದರು.

ಆರಿತು! ಮೊದಲ ಅಕ್ಷರ ಹೊಳಪು ಬಿಟ್ಟಿತು, ಕಣ್ಣು ರೆಪ್ಪೆ ಮುಚ್ಚಿದ ಹಾಗೆ ಹೊಳಪು ಮುಚ್ಚಿಕೊಂಡು ಒಳಗಿನ ನೀಲಿ ಮೇಲೆ ಬಂತು, ಗಟ್ಟಿ ನೀಲಿ, ಎರಡನೆಯದೂ ಆರುತ್ತಿದೆ, ಒತ್ತಕ್ಷರ? ಅದರ ಬಾಲದಲ್ಲಿ ಚೂರು ಹೊಳಪು ಉಳಿದಿದೆಯಲ್ಲ, ಈಗ ಕೈ ಅದರ ಮೇಲೆ ಹಾಯಬೇಕು, ಎತ್ತಿಬಿಡಲೇ, ಮಣಿಕಟ್ಟನ್ನು ಗಾಳಿಯಲ್ಲಿ ತೂಗಿಸಿಕೊಂಡು ಬರೆಯಲೇ, ಎತ್ತಿದರೆ ಗೆರೆ ನಡುಗುತ್ತದೆ, ಊರಿದರೆ ಒರೆಸುತ್ತದೆ, ಮೇಷ್ಟ್ರು ಬಗ್ಗಿ ನೋಡುತ್ತಿದ್ದಾರೆ, ನಶ್ಯದ ವಾಸನೆ, ಟಕ್ ಟಕ್, ಟಕ್ ಟಕ್, ಇಲ್ಲ, ಎತ್ತುವುದಿಲ್ಲ, ಬಂದದ್ದು ಬರಲಿ, ಊರಿದೆ — ಅಂಗೈಯ ಅಂಚು ಪೂರ್ತಿ ಊರಿದೆ, ಅದರ ಮೇಲೇ ಹಾಯ್ದೆ, ನೋಡಲಿಲ್ಲ, ನೋಡುವುದಿಲ್ಲ, ಹಿಂದೆ ನೋಡಿದರೆ ಕೆಟ್ಟೆ, ಈಗ ಹೆಸರು ಕೇಳಿಸುತ್ತಿದೆ, ಯಾರೋ ಅಂಗಳದಿಂದ ಕೂಗಿ ಕರೆಯುತ್ತಿರುವ ಹಾಗೆ ಒಂದೊಂದೇ ಅಕ್ಷರ ಕೇಳಿಸುತ್ತಿದೆ, ಮುತ್ತಜ್ಜ ಬಂದ, ಅಜ್ಜ ಬಂದ, ಇಗೋ ಆ ಕಳ್ಳ ಅಕ್ಷರ, ಹೋದ ವರ್ಷ ತಪ್ಪಿಸಿಕೊಂಡವನು, ಬಾರೋ, ಎಲ್ಲಿಗೆ ಹೋಗ್ತೀಯ ಈಗ, ಕೊಂಬು ಸಮೇತ ಹಿಡಿದು ಕೂರಿಸಿದೆ, ಶಾಯಿ ಹೇಗೆ ಹರಿಯುತ್ತಿದೆ, ಅಬ್ಬಾ, ತೊಟ್ಟಿಕ್ಕದೆ, ಹರಡದೆ, ತಡೆಯದೆ, ನಿಬ್ಬು ಕಾಗದದ ಮೇಲೆ ಜುಯ್ಯೆಂದು ಹಾಡುತ್ತಿದೆ, ಇಷ್ಟು ವರ್ಷ ಎಲ್ಲಿದ್ದೆ ನೀಲಿ, ನನ್ನ ಕೈಯ ಗೆಳತಿ, ಅಪ್ಪ ಬಂದ, ಕೊನೆಗೆ ಹುಡುಗಿಯದೇ ಹೆಸರು, ಸುಳಿ ಸುತ್ತಿ, ದೀರ್ಘ ಎಳೆದು, ಮುಗಿಯಿತು. ಟಕ್ ಟಕ್ ನಿಂತಿದೆ. ಯಾವಾಗ ನಿಂತಿತೋ.

ಮೇಡಂ ಕಾಗದವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು, ಕೂತಲ್ಲಿಂದಲೇ ಕತ್ತು ಚಾಚಿ ನೋಡಿದೆ, ಒಂದು ಗೆರೆಯೂ ಕದಡಿಲ್ಲ, ಒತ್ತಕ್ಷರದ ಬಾಲ ಇದ್ದಲ್ಲೇ ಇದೆ, ಅಜ್ಜ ಪೂರ್ತಿ ಇದ್ದಾರೆ, ಮೇಡಂ ತುಟಿಯಲ್ಲೇ ಹೆಸರನ್ನು ಓದಿ ಮುಗಿಸಿ, ಪರವಾಗಿಲ್ವೇ, ಎಂದರು, ಮೇಡಂ ಬಾಯಲ್ಲಿ ಅದು ಹೂಮಳೆ, ಆದರೆ ಮೇಷ್ಟ್ರು ಕಾಗದ ನೋಡಲಿಲ್ಲ, ನೇರ ನನ್ನ ಎಡಗೈ ಹಿಡಿದರು, ಅವತ್ತಿನ ಹಾಗೆಯೇ, ಮಗುಚಿದರು, ಕನ್ನಡಕ ಹಣೆಗೇರಿಸಿ ಕಣ್ಣಿನ ಹತ್ತಿರ ತಂದುಕೊಂಡರು, ಕೈ ತೊಳ್ಕೊಂಡು ಬಂದ್ಯೇನಮ್ಮಾ? ಎಲ್ಲಿಂದ ತೊಳ್ಕೊಳ್ಲಿ ಸರ್, ನಿಮ್ಮೆದುರಿಗೇ ಕೂತಿದೀನಲ್ಲ. ತಮ್ಮ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ನನ್ನ ಕೈಯಂಚಿಗೆ ಒತ್ತಿ ಉಜ್ಜಿದರು, ಬಚ್ಚಲಿನಲ್ಲಿ ಅಮ್ಮ ಉಜ್ಜಿದ ಜಾಗದಲ್ಲೇ, ತಮ್ಮ ಹೆಬ್ಬೆರಳು ನೋಡಿಕೊಂಡರು, ಮತ್ತೆ ಉಜ್ಜಿದರು, ಮತ್ತೆ ನೋಡಿಕೊಂಡರು, ಆಮೇಲೆ ಕಿಟಕಿಯ ಕಡೆ ತಿರುಗಿ, ತಂಗಿ ಮಗನಿಗೆ, ಏಯ್, ಪೆನ್ನಿನ ಮುಚ್ಚಳ ಹಾಕೋ, ಸಾಕು — ಟಕ್, ಒಂದೇ ಸಲ, ಆ ಶಬ್ದ ನನ್ನ ಜೀವಕ್ಕೆ ಎಷ್ಟು ಹಿತವಾಯಿತೆಂದರೆ ನಾಚಿಕೆಯಿಲ್ಲದೆ ನಕ್ಕುಬಿಟ್ಟೆ, ಅಳುವೂ ಬಂತು, ಬರಲಿ, ಗೆದ್ದೆ ಕಣೇ, ಗೆದ್ದೆ, ಮೇಷ್ಟ್ರು ಏನೋ ಹೇಳುತ್ತಿದ್ದಾರೆ, ಕುರ್ಚಿಯ ಎಡಗಡೆಗೆ ದೀಪ ಹಾಕಿಸ್ಕೋಬೇಡ, ನಿನಗೆ ಬಲಗಡೆ ಬೇಕಾಗುತ್ತೆ, ಹೂಂ ಸರ್, ಹೂಂ, ಏನೂ ಕಿವಿಗೆ ಹೋಗುತ್ತಿಲ್ಲ, ಸಂಜೆ ಮನೆ, ಬಾಗಿಲು, ಅಮ್ಮ ಈಗಲೂ ಅಲ್ಲೇ ಕೂತಿರುತ್ತಾಳೆ, ಅವಳು ಕೇಳುವ ಮೊದಲೇ ಚಾಚುತ್ತೇನೆ, ಬಲಗೈಯಲ್ಲ, ಇನ್ನೊಂದು, ನೋಡು ಅಮ್ಮಾ, ಕಿರುಬೆರಳಿನ ಕೆಳಗೆ, ಅಂಗೈಯ ಅಂಚು, ಕಪ್ಪಿಲ್ಲ, ನೀಲಿಯಿಲ್ಲ, ನನ್ನ ಚರ್ಮದ್ದೇ ಬಣ್ಣ, ಅಂಗೈಯ ಅಂಚು, ನನ್ನ ಚರ್ಮದ್ದೇ ಬಣ್ಣ