ರೇಷ್ಮಾ ಯಾವಗಲ್ ಊರಿಗೆ ಹೋದದ್ದು

ಗದಗಿನ ದೊಡ್ಡ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ ಚನ್ನವ್ವ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದಾಗಲೇ ರಕ್ತಪರೀಕ್ಷೆಯಲ್ಲಿ ಏನು ಬಂದಿದೆಯೆಂದು ರೇಷ್ಮಾಳಿಗೆ ಗೊತ್ತಾಯಿತು.

"ಎಚ್‌ಐವಿ ಐತಿ, ರೇಷ್ಮಾ. ಆದ್ರ ಈಗ ಗುಳಗಿ ಅದಾವ. ಹೆದರಬ್ಯಾಡ."

ಹೆದರದೆ ಹೇಗಿರುವುದು? ಹಿಂದಿನ ವರ್ಷ, ೨೦೦೬ರಲ್ಲಿ, ಜೊತೆಗಿದ್ದ ಶಬಾನಾ ಇದೇ ರೋಗದಿಂದ ಕೆಮ್ಮಿ ಕೆಮ್ಮಿ ಸತ್ತಾಗ ಹೆಣ ಮುಟ್ಟಲು ಒಬ್ಬರೂ ಬಂದಿರಲಿಲ್ಲ. ಮೈ ತೊಳೆದವಳು ರೇಷ್ಮಾ ಒಬ್ಬಳೇ. ಆ ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ.

ರೇಷ್ಮಾ ಹುಟ್ಟಿದ್ದು ನರೇಗಲ್ಲಿನ ಅರ್ಜುನಪ್ಪನ ಮಗ ಕನಕರಾಜನಾಗಿ. ಹದಿನಾರನೇ ವಯಸ್ಸಿಗೆ ಸೀರೆ ಉಟ್ಟದ್ದಕ್ಕೆ ಅಪ್ಪ ಹೊರಗೆ ಹಾಕಿದ. ರೋಣದ ಸಂತೆಯಲ್ಲಿ ಅಂಗಡಿ ಅಂಗಡಿ ಬೇಡಿ, ಅದು ಸಾಲದಾದಾಗ ಗಂಡಸರ ಜೊತೆ ಹೋಗಿ ಬದುಕಿದ್ದಳು. ನಿರೋಧ್ ಬೇಕೆಂದರೆ ಕೆಲವರು ಹೊಡೆಯುತ್ತಿದ್ದರು. ಟಂಟಂ ಗಾಡಿ ಓಡಿಸುವ ಅಲ್ತಾಫ ಹೊಡೆಯುತ್ತಿರಲಿಲ್ಲ. "ಗಂಡ ಹೆಂಡ್ತಿ ನಡಕ ಅದ್ಯಾಕ?" ಎನ್ನುತ್ತಿದ್ದ. ಹೆಂಡತಿ ಎಂಬ ಆ ಒಂದು ಮಾತಿಗಾಗಿ ಅವಳು ನಾಲ್ಕು ವರ್ಷ ಅವನಿಗೆ ನಿರೋಧ್ ಬೇಕೆಂದು ಕೇಳಿರಲಿಲ್ಲ.

ಅಲ್ತಾಫನಿಗೆ ಯಾವಗಲ್ ಹಳ್ಳಿಯಲ್ಲಿ ನಿಜವಾದ ಹೆಂಡತಿ ಇದ್ದಳು, ಜಬೀನ. ಈಗ ಏಳು ತಿಂಗಳ ಬಸುರಿ.

"ಅವನ್ನ ಕರ್ಕೊಂಡು ಬಾ," ಎಂದಳು ಇದನ್ನೆಲ್ಲ ಕೇಳಿಸಿಕೊಂಡ ಚನ್ನವ್ವ. "ಹೆರಿಗಿಗಿಂತ ಮೊದಲ ಅವನ ಹೆಂಡ್ತಿದೂ ತಪಾಸ ಆದ್ರ ಕೂಸನ್ನ ಉಳಿಸ್ಕೊಳ್ಳಾಕ ಬರ್ತೈತಿ."

ಅಲ್ತಾಫನಿಗೆ ಹೇಳಿದಾಗ ಅವನು ರೇಷ್ಮಾಳ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. "ಯಾರ ಮುಂದರ ಬಾಯಿ ಬಿಟ್ಟಿ ಅಂದ್ರ ಸುಟ್ಟು ಹಾಕ್ತೀನಿ."

ಒಂಬತ್ತು ದಿನ ಅವಳು ಹೊರಗೆ ಬರಲಿಲ್ಲ. ಓಣಿಯಲ್ಲಿ ಟಂಟಂ ಸದ್ದಾದರೆ ಎದ್ದು ಚಿಲಕ ನೋಡುವಳು. ಕಣ್ಣು ಮುಚ್ಚಿದರೆ ಶಬಾನಾಳ ಎಲುಬು, ತೆರೆದರೆ ಇನ್ನೂ ಹುಟ್ಟದ ಆ ಕೂಸು. ಹತ್ತನೇ ದಿನ, ಅಲ್ತಾಫ ಕಡಲೆ ಚೀಲ ಹೇರಿಕೊಂಡು ಗದಗಿಗೆ ಹೋದದ್ದು ಖಚಿತವಾದ ಮೇಲೆ, ಯಾವಗಲ್ ಬಸ್ಸು ಹತ್ತಿದಳು.

ಜಬೀನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಬೇಡಲು ಬಂದವಳೆಂದು ಬೊಗಸೆ ತುಂಬ ಜೋಳ ಎತ್ತಿದಳು.

"ಜೋಳ ಬ್ಯಾಡವಾ. ನಾ ರೋಣದಾಕಿ, ರೇಷ್ಮಾ."

ಜಬೀನಳ ಕೈ ಅಲ್ಲೇ ನಿಂತಿತು. ಆ ಹೆಸರು ಅವಳಿಗೆ ಗೊತ್ತಿತ್ತು. ರೇಷ್ಮಾ ಕಾಲ ಬೆರಳು ನೋಡುತ್ತ ಎಲ್ಲವನ್ನೂ ಹೇಳಿದಳು.

ಒಳಗಿನಿಂದ ಅತ್ತೆ ರಹಿಮತಬಿಯ ದನಿ ಬಂತು. "ಯಾರ ಬಂದಾರ?"

ರೇಷ್ಮಾ ಕಟ್ಟೆಯಿಂದ ಎರಡು ಹೆಜ್ಜೆ ಹಿಂದೆ ಸರಿದಳು.

"ಯಾರಿಲ್ಲ, ಜೋಳ ಕೇಳಾಕ ಬಂದಾರ," ಎಂದು ಕೂಗಿ ಹೇಳಿದ ಜಬೀನ, ದನಿ ತಗ್ಗಿಸಿ, "ಹೋಗು. ಮೊದಲ ಇಲ್ಲಿಂದ ಹೋಗು," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾಲ್ಕನೆಯ ದಿನ ಬೆಳಿಗ್ಗೆ ರೇಷ್ಮಾಳ ಬಾಗಿಲು ಬಡಿದ ಸದ್ದಾಯಿತು. ಅವಳು ಒನಕೆ ಕೈಗೆತ್ತಿಕೊಂಡೇ ಚಿಲಕ ತೆಗೆದಳು. ಬುರ್ಖಾ ತೊಟ್ಟು ಜಬೀನ ನಿಂತಿದ್ದಳು.

"ತವರಮನಿಗೆ ಹೊಂಟೀನಂತ ಹೇಳಿ, ನಿನ್ನ ಮನಿ ಕೇಳ್ಕೊಂತ ಬಂದೀನಿ. ಗದಗಿನ್ಯಾಗ ಎಲ್ಲಿ ಹೋಗಬೇಕು ನನಗ ಗೊತ್ತಿಲ್ಲ."

ಬಸ್ಸು ಗದಗಿನ ಹತ್ತಿರ ಬಂದಾಗ ಜಬೀನ, "ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ," ಎಂದಳು.

"ಗೊತ್ತೈತಿ ನನಗ."

"ನೀ ಬರದಿದ್ರ ಅಂವ ಹೇಳತಿದ್ದಿಲ್ಲ."

ಜಬೀನಳಿಗೂ ಸೋಂಕಿತ್ತು. ಹೆರಿಗೆಯ ಹೊತ್ತಿಗೆ ಅವಳಿಗೆ ಗುಳಿಗೆ ಕೊಟ್ಟರು. ಹುಟ್ಟಿದ ಹೆಣ್ಣುಕೂಸಿನ ಬಾಯಿಗೂ ಔಷಧಿ ಹಾಕಿದರು. ಆದರೆ ಕೂಸಿಗೆ ಸೋಂಕಿದೆಯೋ ಇಲ್ಲವೋ ಖಚಿತವಾಗಿ ತಿಳಿಯಲು ಒಂದೂವರೆ ವರ್ಷ ಕಾಯಬೇಕಿತ್ತು. ಕೂಸು ಸೀನಿದರೂ ಜಬೀನ ಹಣೆ ಮುಟ್ಟಿ ನೋಡುವಳು. ಅಲ್ತಾಫ ಕೊನೆಗೂ ಪರೀಕ್ಷೆಗೆ ಹೋಗಲಿಲ್ಲ; ಅವಳು ತವರಲ್ಲೇ ಉಳಿದಳು.

ಒಂದೂವರೆ ವರ್ಷದ ಮೇಲೆ, ಕೂಸಿನ ಪರೀಕ್ಷೆಯ ಫಲ ಬರುವ ದಿನ, ಆಸ್ಪತ್ರೆಯಲ್ಲಿ ಹೆಸರು ಕೂಗಿದರೂ ಜಬೀನ ರೇಷ್ಮಾಳ ಪಕ್ಕದಲ್ಲಿ ಕೂತೇ ಇದ್ದಳು. ಚನ್ನವ್ವನೇ ಹೊರಗೆ ಬಂದಳು.

"ಕೂಸಿಗೆ ಏನೂ ಇಲ್ಲವಾ."

ಜಬೀನ ಮಗುವನ್ನು ರೇಷ್ಮಾಳ ಮಡಿಲಿಗೆ ಹಾಕಿ, ಗೋಡೆಗೆ ತಲೆಯಿಟ್ಟು ಅತ್ತಳು. ಎಲ್ಲಿ ಬೀಳಿಸುತ್ತೇನೋ ಎಂದು ರೇಷ್ಮಾ ಕೂಸನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.