ರಾಡ್ ಅದೇ, ಅಣ್ಣ

ಅಂಗಡಿಗೆ ಸಾಮಾನು ಕೊಳ್ಳುವುದರಲ್ಲಿ ಈ ಕೆಂಪರಾಜುವನ್ನು ಮೀರಿಸುವವರು ದೊಡ್ಡಬಳ್ಳಾಪುರದಲ್ಲೇ ಇಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದವನು ನಾನು. ಈಗ ಹೇಳುವುದಿಲ್ಲ. ಬೇರೆಯವರು ಹೊಗಳಿದರೂ ಮಾತು ತೇಲಿಸಿಬಿಡುತ್ತೇನೆ.

ರಾಜಘಟ್ಟಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ವೆಲ್ಡಿಂಗ್ ಅಂಗಡಿ ಇದೆ. ನಮ್ಮ ಎಂದರೆ ನನ್ನದು ಮತ್ತು ರಾಮಾಂಜಿನಪ್ಪಣ್ಣನದು. ನನಗೆ ರಾಡು ಕಚ್ಚಿಸುವ ಹೋಲ್ಡರ್ ಹಿಡಿದು ಬೆಸೆಯಲು ಕಲಿಸಿದವರೇ ಅವರು, ಆಮೇಲೆ ಪಾಲುದಾರರಾದೆವು. ಬೆಸುಗೆ ಅವರದು, ಖರೀದಿ ನನ್ನದು ಎಂದು ಮೊದಲ ದಿನವೇ ಮಾತಾಗಿತ್ತು. ಗೇಟು, ಗ್ರಿಲ್ಲು, ಟ್ರ್ಯಾಕ್ಟರಿನ ಟ್ರೇಲರು, ನೇಕಾರರ ಮಗ್ಗದ ರಿಪೇರಿ, ಬಂದದ್ದೆಲ್ಲ ಮಾಡುತ್ತಿದ್ದೆವು. ಇವುಗಳ ನಡುವೆ ವರ್ಷಕ್ಕೆ ಮೂರೋ ನಾಲ್ಕೋ ತೊಟ್ಟಿಲು. ಪೈಪಿನ ಕಾಲು, ತೂಗುವ ಕೊಕ್ಕೆ, ತಲೆಯ ಕಡೆ ಕಬ್ಬಿಣದ ಎರಡು ಗಿಳಿ. ತೊಟ್ಟಿಲಿಗೆ ಮಾತ್ರ ಅಣ್ಣ ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. "ಮಗು ಮಲಗೋದಕ್ಕೆ ಏನ್ ಕಾಸು ಇಸ್ಕೊಳ್ಳೋದು, ಬಿಡೋ" ಎನ್ನುತ್ತಿದ್ದರು. ಅಂಗಡಿಯ ಲಾಭಕ್ಕೆ ಇದೊಂದು ತೂತು ಎಂದು ನಾನು ಒಳಗೊಳಗೇ ಗೊಣಗುತ್ತಿದ್ದೆ.

ನನ್ನ ಇನ್ನೊಂದು ಗೊಣಗಾಟ ಮೂಲೆಯಲ್ಲಿದ್ದ ಫ್ರಿಜ್ಜಿನ ಮೇಲೆ. ಅದು ಗುಜರಿಯಿಂದ ತಂದ ಸತ್ತ ಫ್ರಿಜ್ಜು. ಒಳಗೆ ನೂರು ವ್ಯಾಟಿನ ಬಲ್ಬು ಸದಾ ಉರಿಯುತ್ತಿತ್ತು, ಅದರ ಮೇಲಿನ ತಂತಿಯ ತಟ್ಟೆಗಳಲ್ಲಿ ವೆಲ್ಡಿಂಗ್ ರಾಡಿನ ಡಬ್ಬಿಗಳು. ರಾಡಿನ ಮೇಲಿನ ಲೇಪಕ್ಕೆ ಥಂಡಿ ಹಿಡಿಯಬಾರದು, ಹಿಡಿದರೆ ಬೆಸುಗೆಯೊಳಗೆ ಗುಳ್ಳೆ ನಿಂತು ಆಮೇಲೆ ಬಿರುಕು ಬಿಡುತ್ತದೆ. ಅಣ್ಣ ಆ ಫ್ರಿಜ್ಜಿಗೆ ಬಾಣಂತಿ ಕೋಣೆ ಎಂದು ಹೆಸರಿಟ್ಟಿದ್ದರು. ಯಾರಾದರೂ ಬಾಗಿಲು ತೆರೆದು ನಿಂತರೆ, "ಏನಪ್ಪಾ, ಬಾಣಂತಿಗೆ ಗಾಳಿ ಹೊಡೀತದೆ, ಮುಚ್ಚು" ಎಂದು ಗದರುವರು. ಆಯುಧಪೂಜೆಯ ದಿನ ಎಲ್ಲ ಮೆಷಿನ್ನುಗಳನ್ನೂ ನಿಲ್ಲಿಸಿ ತೊಳೆದು ಕುಂಕುಮ ಇಡುತ್ತಿದ್ದೆವು. ಅಂದು ಕೂಡ ಆ ಬಲ್ಬು ಆರುತ್ತಿರಲಿಲ್ಲ.

ಅಣ್ಣ ದುಂದುಗಾರರಾಗಿರಲಿಲ್ಲ, ಅದನ್ನೂ ಹೇಳಬೇಕು. ಹಳೆಯ ದೊಡ್ಡ ವೆಲ್ಡಿಂಗ್ ಮೆಷಿನ್ನು ತೆಗೆದು ಇನ್ವರ್ಟರ್ ಮೆಷಿನ್ನು ತರೋಣ ಎಂದು ನಾನು ಹೇಳಿದಾಗ ಒಂದು ವಾರ ಯಾರದೋ ಅಂಗಡಿಯಲ್ಲಿ ಅದರ ಮುಂದೆ ಕೂತು ನೋಡಿ ಬಂದು, "ತಗೋ, ಕರೆಂಟು ಉಳೀತದೆ, ಕೆಲ್ಸಾನೂ ಚೆನ್ನಾಗಿದೆ" ಎಂದಿದ್ದರು. ಕತ್ತರಿಸುವ ಚಕ್ರ ಅಗ್ಗದ್ದಾದರೂ ನಡೆಯುತ್ತದೆ ಎಂದವರೂ ಅವರೇ. ಆದರೆ ಮುಖವಾಡದ ಕಪ್ಪು ಗಾಜು, ಕೇಬಲ್ಲು, ರಾಡು, ಈ ಮೂರರಲ್ಲಿ ಅವರ ಜೊತೆ ಚೌಕಾಸಿಗೆ ಇಳಿಯುವಂತಿರಲಿಲ್ಲ.

ಎರಡು ವರ್ಷದ ಹಿಂದಿನ ಆಷಾಢದಲ್ಲಿ ಅನಿಲ್‌ಕುಮಾರ್ ಎಂಬ ಸೇಲ್ಸಿನ ಹುಡುಗ ಬೈಕಿನಲ್ಲಿ ಬಂದ. "ಗುರು, ಅದೇ ನಂಬರು, ಅದೇ ಸೈಜು. ರೇಟು ಮಾತ್ರ ಮೂರ್ನೇ ಒಂದು ಭಾಗ ಕಮ್ಮಿ" ಎಂದು ಬೇರೆ ಕಂಪನಿಯ ಹೊಸ ರಾಡಿನ ಡಬ್ಬಿ ಇಟ್ಟ. ನನ್ನ ಕೈ ಆಗಲೇ ಡಬ್ಬಿಯ ಮೇಲೆ ಹೋಗಿತ್ತು. ಅಣ್ಣ ಒಂದು ರಾಡು ಎಳೆದುಕೊಂಡು, ಎರಡು ದಪ್ಪ ಪಟ್ಟಿ ಜೋಡಿಸಿ, ಒಂದು ಗೇಣು ಬೆಸೆದರು.

"ಒಳ್ಳೆ ರಾಡಾದ್ರೆ ಹಂಚಿನ ಮೇಲೆ ದೋಸೆ ಹುಯ್ದಂಗೆ ಒಂದೇ ಸಮ ಸದ್ದು ಬರ್ಬೇಕು" ಎಂದರು. "ಇದು ಒಗ್ಗರಣೇಲಿ ಸಾಸ್ವೆ ಸಿಡಿದಂಗೆ ಸಿಡೀತದೆ. ಕಿಟಕಿ ಗ್ರಿಲ್ಲಿಗೆ ಬೇಕಾದ್ರೆ ತಗೋ, ಬೇಡ ಅನ್ನಲ್ಲ. ಭಾರ ಹೊರೋದಕ್ಕೆ, ಅದುರೋದಕ್ಕೆ ಬೇಡ."

"ನಂಬರು ಒಂದೇ ಅಲ್ವೇನಣ್ಣ?" ಎಂದೆ ನಾನು.

"ನೀನು ನಂಬರು ನೋಡ್ತೀಯ, ರೇಟು ನೋಡ್ತೀಯ. ಸದ್ದು ಯಾವಾಗ್ಲಾ ಕೇಳೋದು ಕಲಿಯೋದು?"

ಅನಿಲ್‌ಕುಮಾರ್ ಕಿಸಕ್ಕನೆ ನಕ್ಕ. ಅಷ್ಟೇ ಆದದ್ದು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅಂದು ಆ ಹುಡುಗನ ನಗು ನನ್ನ ಮೈಯೆಲ್ಲ ಉರಿಸಿತು. ಖರೀದಿ ನನ್ನದಲ್ಲವೇ, ಇವರು ಯಾಕೆ ಮೂಗು ತೂರಿಸಬೇಕು ಎನ್ನಿಸಿತು. ಮಾರನೆಯ ದಿನ ಫೋನು ಮಾಡಿ ಇಪ್ಪತ್ತು ಡಬ್ಬಿ ತರಿಸಿದೆ. ಅಣ್ಣ ಊಟಕ್ಕೆ ಹೋಗಿದ್ದಾಗ ಫ್ರಿಜ್ಜಿನಲ್ಲಿದ್ದ ಹಳೆಯ ಡಬ್ಬಿಗಳನ್ನು ಖಾಲಿ ಮಾಡಿ, ಅದೇ ಡಬ್ಬಿಗಳಿಗೆ ಹೊಸ ರಾಡು ತುಂಬಿ, ಇದ್ದ ಜಾಗದಲ್ಲೇ ಇಟ್ಟೆ. ರಾಡಿನ ಬುಡದಲ್ಲಿದ್ದ ಕಂಪನಿ ಹೆಸರಿನ ಪುಟ್ಟ ಅಕ್ಷರಗಳನ್ನು ಅಣ್ಣ ಎಂದೂ ಓದಿದವರಲ್ಲ. ಗೊತ್ತೇ ಆಗದಂತೆ ಒಂದು ತಿಂಗಳು ನಡೆಸಿ, ಆಮೇಲೆ ಎಲ್ಲರ ಮುಂದೆ ಗುಟ್ಟು ಬಿಟ್ಟು, "ಎಲ್ಲಣ್ಣ ನಿನ್ನ ಸಾಸ್ವೆ?" ಎಂದು ಕೇಳಿ ನಗಬೇಕೆಂದುಕೊಂಡಿದ್ದೆ.

ಗೊತ್ತಾಗದೆ ಇರುತ್ತದೆಯೇ? ಮೊದಲ ರಾಡು ಉರಿಸಿದ ಕೂಡಲೇ ಅಣ್ಣ ಮುಖವಾಡ ಎತ್ತಿದರು.

"ಯಾಕ್ಲಾ ಸದ್ದು ಬೇರೆ ಆಯ್ತು?"

"ರಾಡ್ ಅದೇ, ಅಣ್ಣ."

ಅವರು ಬಂದು ಡಬ್ಬಿ ನೋಡಿದರು, ಹಳೆಯದೇ ಡಬ್ಬಿ. ಮತ್ತೆ ಬೆಸುಗೆಗೆ ಕೂತರು. ಎರಡು ದಿನ ಬಿಟ್ಟು ಇನ್ನೊಮ್ಮೆ ಕೇಳಿದರು, ಮತ್ತೆ ಅದೇ ಉತ್ತರ ಕೊಟ್ಟೆ. ಬೆಸುಗೆಯ ಮೇಲಿನ ಕಿಟ್ಟ ಮೊದಲೆಲ್ಲ ಬೆಂದ ಗೆಣಸಿನ ಸಿಪ್ಪೆಯ ಹಾಗೆ ತಾನೇ ಸುಲಿದು ಬರುತ್ತಿತ್ತು. ಈಗ ಅವರು ಸುತ್ತಿಗೆ ಹಿಡಿದು ಕುಟ್ಟುತ್ತಲೇ ಇರಬೇಕಾಯಿತು. ಮೆಷಿನ್ನಿನ ಕರೆಂಟು ಏರಿಸಿದರು, ಇಳಿಸಿದರು. ಮುಖವಾಡದ ಗಾಜು ಬದಲಾಯಿಸಿದರು. ಮೂರನೆಯ ಸಲ ಕೇಳಿದಾಗ ನನಗೆ ಸಿಕ್ಕಿಬೀಳುವ ಭಯ ಬಂತು. ಆ ಭಯದಲ್ಲಿ ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ.

"ರಾಡ್ ಅದೇ ಅಣ್ಣ, ಎಷ್ಟ್ ಸಲ ಹೇಳ್ಲಿ? ವಯಸ್ಸಾಯ್ತಲ್ಲ, ಒಂದ್ಸಲ ಕಣ್ಣು ತೋರಿಸ್ಕೊಂಡು ಬಾ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವರು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. ಆಗಲೇ ನಿಜ ಹೇಳಬಹುದಿತ್ತು. ನಕ್ಕು, ಬೈಸಿಕೊಂಡು, ಒಂದು ಟೀ ಕುಡಿದು ಮುಗಿಸಬಹುದಾಗಿದ್ದ ವಿಷಯ. ನಾನು ಬಿಲ್ ಬುಕ್ಕು ತೆಗೆದು ಬರೆಯುತ್ತಾ ಕೂತೆ.

ಆ ವಾರವೇ ಅಣ್ಣ ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದರು. ಡಾಕ್ಟರು ಏನೆಂದರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಲ್ಲಿಂದ ಅವರ ಕೆಲಸದ ರೀತಿಯೇ ಬದಲಾಯಿತು. ಬೆಸೆದದ್ದನ್ನೆಲ್ಲ ಗ್ರೈಂಡರಿನಲ್ಲಿ ಉಜ್ಜಿ ನುಣ್ಣಗೆ ಮಾಡಿ, ಬಣ್ಣ ಬಳಿದು, ತಮ್ಮ ಕೈಯ ಗುರುತು ಕಾಣದಂತೆ ಮಾಡತೊಡಗಿದರು. ಮೊದಲೆಲ್ಲ ಗಿರಾಕಿಗಳನ್ನು ಕರೆದು ಬೆಸುಗೆ ತೋರಿಸುತ್ತಿದ್ದ ಮನುಷ್ಯ.

ಭಾದ್ರಪದದಲ್ಲಿ ನೇಕಾರ ಯೋಗಾನಂದ ಬಂದ. ಅವನ ಪವರ್‌ಲೂಮಿನಲ್ಲಿ ಹಾಸಿನ ನೂಲು ಸುತ್ತಿದ ಬೀಮು ಎಂಬ ಉರುಳೆಯನ್ನು ಹೊರುವ ಕಬ್ಬಿಣದ ಸ್ಟ್ಯಾಂಡಿನ ಬೆಸುಗೆ ಬಿಟ್ಟುಕೊಂಡಿತ್ತು. ಭಾರವೂ ಇದೆ, ದಿನವಿಡೀ ಅದುರುವುದೂ ಇದೆ; ಅಣ್ಣ ಬೇಡವೆಂದ ಎರಡೂ ಅದರಲ್ಲೇ ಇದ್ದವು. ಹೊಸ ರಾಡು ಬೇಡ ಎಂದು ನನ್ನ ಮನಸ್ಸು ಹೇಳಿತು. ಆದರೆ ಬೇರೆ ರಾಡು ಕೊಟ್ಟರೆ ಇಷ್ಟು ದಿನ ಕೊಟ್ಟದ್ದು ಯಾವುದು ಎಂಬ ಪ್ರಶ್ನೆ ಬರುತ್ತದಲ್ಲ! ಅದೇ ಡಬ್ಬಿಯನ್ನು ಮುಂದಿಟ್ಟೆ. ಅಣ್ಣ ಬೆಳಗಿನಿಂದ ಮಧ್ಯಾಹ್ನದವರೆಗೆ ಅದರ ಮುಂದೆ ಕೂತು ಬೆಸೆದರು.

ಐದನೆಯ ದಿನ ಸ್ಟ್ಯಾಂಡು ಮುರಿದು ಬೀಮು ನೆಲಕ್ಕೆ ಬಿತ್ತು. ಎಂಟು ಸೀರೆಯ ರೇಷ್ಮೆ ಹಾಸು ಕಿತ್ತುಹೋಯಿತು. ಯೋಗಾನಂದ ಅಂಗಡಿಯ ಮುಂದೆ ನಿಂತು, ಎದುರಿನ ಟೀ ಅಂಗಡಿಯವರಿಗೆಲ್ಲ ಕೇಳುವಂತೆ ಕೂಗಾಡಿದ.

"ಕೈಲಾಗ್ದಿದ್ರೆ ಆಗಲ್ಲ ಅನ್ಬೇಕಿತ್ತು ಕಣಣ್ಣ! ಹಾಸು ಕಟ್ಟೋಕೆ ನಾವು ಮನೆಯೋರೆಲ್ಲ ಎಷ್ಟ್ ದಿನ ಕೂತಿದ್ವಿ ಗೊತ್ತಾ?"

ಅಣ್ಣ ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಬೆಸುಗೆಯೊಳಗೆ ಸೂಜಿ ಚುಚ್ಚಿದ ಹಾಗೆ ತೂತುಗಳು. "ಹೌದಪ್ಪ, ನನ್ನ ತಪ್ಪೇ" ಎಂದರು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ.

ನಷ್ಟ ತುಂಬಿಕೊಟ್ಟೆವು, ಅದು ದೊಡ್ಡದಲ್ಲ. ಸ್ಟ್ಯಾಂಡನ್ನು ಈ ಸಲ ನೀನೇ ಮಾಡು ಎಂದು ಅಣ್ಣ ನನಗೆ ಹೇಳಿದರು. ನಾನು ಮಾಡಿದ ಎರಡನೆಯ ಪಾಪ ಇದು: ಬೇರೆ ಅಂಗಡಿಯಿಂದ ಹಳೆಯ ಕಂಪನಿಯ ಒಳ್ಳೆಯ ರಾಡು ತಂದು, ಯೋಗಾನಂದನ ಮನೆಯಲ್ಲೇ ಕೂತು ಬೆಸೆದೆ. ಅದು ನಿಂತಿತು, ಇವತ್ತಿಗೂ ನಿಂತಿದೆ. ಶಿಷ್ಯ ಗುರುವನ್ನು ಮೀರಿಸಿದ ಎಂದು ಟೀ ಅಂಗಡಿಯಲ್ಲಿ ಮಾತಾಯಿತು. ಅಣ್ಣ ಒಂದು ದಿನ ಅಲ್ಲಿಗೆ ಹೋಗಿ, ನನ್ನ ಬೆಸುಗೆಯ ಮೇಲೆ ಬೆರಳಾಡಿಸಿ ನೋಡಿ ಬಂದರು. "ಚೆನ್ನಾಗಿದೆ ಕಣೋ" ಎಂದರು.

ಆಯುಧಪೂಜೆ ಬಂತು. ಎಲ್ಲ ತೊಳೆದು, ಬೂದುಗುಂಬಳ ಒಡೆದು, ಮಂಗಳಾರತಿ ಆದ ಮೇಲೆ ಅಣ್ಣ ತಮ್ಮ ಹೋಲ್ಡರನ್ನು ವೀಳ್ಯದೆಲೆ ಅಡಿಕೆಯ ಜೊತೆ ತಟ್ಟೆಯಲ್ಲಿಟ್ಟು ನನ್ನ ಮುಂದೆ ಹಿಡಿದರು. ಇಪ್ಪತ್ತೆಂಟು ವರ್ಷ ಅವರ ಕೈಯಲ್ಲಿದ್ದ ಹೋಲ್ಡರು. ಹಿಡಿ ಸವೆದು ಅವರ ಬೆರಳಿನ ಅಳತೆಗೆ ಬಂದಿತ್ತು.

"ಇನ್ಮೇಲೆ ನೀನೇ ಹಿಡಿ. ನನ್ನ ಕೈ ಹೋಯ್ತು. ಯಾರ ತಲೆ ಮೇಲಾದ್ರೂ ಬೀಳೋಕ್ ಮುಂಚೆ ಬಿಡೋದು ವಾಸಿ."

"ಬೇಡಣ್ಣ" ಎಂದೆ.

"ದೇವ್ರ ಮುಂದೆ ಕೊಡ್ತಿರೋದು. ಬೇಡ ಅನ್ಬಾರ್ದು."

ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ಅವರ ಹೆಂಡತಿ ಅಂಜಿನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಸುರಿ ಮಗಳು ಪದ್ಮಶ್ರೀ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದವಳು, ಅವಳೂ ಬಾಗಿಲಲ್ಲಿ ನಿಂತಿದ್ದಳು. ಅವಳ ಮಗುವಿನ ತೊಟ್ಟಿಲಿಗೆಂದು ಅಣ್ಣ ಆಗಲೇ ಪೈಪು ಆರಿಸಿ, ಅಳತೆಗೆ ಕತ್ತರಿಸಿ, ಮನೆಗೆ ಒಯ್ದಿಟ್ಟುಕೊಂಡಿದ್ದರು. ಊರಿನ ಮಕ್ಕಳಿಗೆಲ್ಲ ತೊಟ್ಟಿಲು ಮಾಡಿದವರು ಮೊಮ್ಮಗುವಿನದಕ್ಕೆ ಗಿಳಿ ಎರಡಲ್ಲ, ನಾಲ್ಕು ಎಂದು ವರ್ಷದಿಂದ ಹೇಳುತ್ತಿದ್ದರು.

ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ನಾನೂ ಹೋಗಿದ್ದೆ. ನಡುಮನೆಯಲ್ಲಿ ಅಂಗಡಿಯಿಂದ ತಂದ ಮಡಚುವ ತೊಟ್ಟಿಲಿತ್ತು, ಪ್ಲಾಸ್ಟಿಕ್ ಗೊಂಬೆ ನೇತುಹಾಕಿದ್ದು. ಬಂದವರೆಲ್ಲ ಕೇಳುವವರೇ, "ರಾಮಾಂಜಿನಪ್ಪ, ನೀನು ಮಾಡ್ಲಿಲ್ವಾ?" ಎಂದು. "ಈಗಿನ್ ಕಾಲದ್ದು ಹಗುರ ಕಣಪ್ಪ, ಒಗೆಯೋಕೂ ಸುಲಭ" ಎಂದು ಪ್ರತಿಯೊಬ್ಬರಿಗೂ ನಗುತ್ತಲೇ ಹೇಳಿದರು. ನಾನು ಹೋಳಿಗೆ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಎದ್ದು ಬಂದೆ. ನಾಚಿಕೆ ಇಲ್ಲದ ಹೊಟ್ಟೆ.

ಉಳಿದ ಅಗ್ಗದ ರಾಡುಗಳನ್ನು ಕಿಟಕಿ ಗ್ರಿಲ್ಲಿಗೆ ಬಳಸಿ ಮುಗಿಸಿದೆ. ಗ್ರಿಲ್ಲಿಗೆ ಚೆನ್ನಾಗಿಯೇ ನಡೆದವು, ಅಣ್ಣ ಮೊದಲ ದಿನ ಹೇಳಿದಂತೆಯೇ. ಭಾರದ ಕೆಲಸಕ್ಕೆ ಈಗ ಒಳ್ಳೆಯ ರಾಡೇ ತರುತ್ತೇನೆ, ಚೌಕಾಸಿ ಮಾಡದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಹೋದದ್ದು ನನ್ನ ಮಾನವಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಕಳೆದ ಭಾನುವಾರ ಬೆಳಿಗ್ಗೆ ಅಣ್ಣ ಅಂಗಡಿಗೆ ಬಂದರು. ಒಂದು ಕೈಯಲ್ಲಿ ಮೊಮ್ಮಗಳ ಬೆರಳು, ಇನ್ನೊಂದು ಹೆಗಲ ಮೇಲೆ ಹಗ್ಗ ಕಟ್ಟಿದ ಪೈಪಿನ ಕಟ್ಟು. ಗೋಡೆಗೆ ಒರಗಿಸಿ ಬೆವರು ಒರೆಸಿಕೊಂಡರು.

"ಮನೇಲಿ ಸುಮ್ನೆ ಬಿದ್ದಿದ್ವು. ಈ ಪಾಪು ಎಡವಿ ಬೀಳ್ತದೆ. ಗ್ರಿಲ್ಲಿಗೆ ಗಿಲ್ಲಿಗೆ ಹಾಕ್ಕೋ."

ತೊಟ್ಟಿಲಿನ ಪೈಪುಗಳು. ಕೊಕ್ಕೆಗೆಂದು ಕೊರೆದ ತೂತುಗಳೂ ಹಾಗೇ ಇದ್ದವು. ಕಟ್ಟಿನ ನಡುವೆ ತಗಡಿನಲ್ಲಿ ಕತ್ತರಿಸಿದ ನಾಲ್ಕು ಗಿಳಿಗಳಿದ್ದವು. ಅವನ್ನು ನೋಡಿದ ಮೇಲೆ ನನ್ನ ಕೈಲಿ ತಡೆಯಲಾಗಲಿಲ್ಲ. ಸ್ಟೂಲು ಎಳೆದು ಅವರನ್ನು ಕೂರಿಸಿ, ಅನಿಲ್‌ಕುಮಾರ್ ನಕ್ಕದ್ದರಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಡಬ್ಬಿ ಹಳೆಯದು, ರಾಡು ಬೇರೆಯದು ಎಂದೆ. ಯೋಗಾನಂದನ ಸ್ಟ್ಯಾಂಡಿಗೆ ನಾನು ಕದ್ದು ತಂದದ್ದು ಒಳ್ಳೆಯ ರಾಡು ಎಂದೆ. ನಿನ್ನ ಕೈಗೆ ಏನೂ ಆಗಿರಲಿಲ್ಲ ಅಣ್ಣ ಎಂದೆ. ಹೇಳುತ್ತಾ ಅತ್ತೆ.

ಅಣ್ಣ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದು, ಒಳಗೆ ಅಂಗೈ ಇಟ್ಟು ಬಿಸಿ ನೋಡಿದರು. ಬಾಗಿಲು ಮುಚ್ಚಿ ಅಲ್ಲೇ ನಿಂತರು.

"ಕಣ್ಣಿನ ಡಾಕ್ಟ್ರು ಆವತ್ತೇ ಹೇಳಿದ್ರು" ಎಂದರು. "ಕಣ್ಣು ಚೆನ್ನಾಗೈತೆ, ಇನ್ನೂ ಹತ್ತು ವರ್ಷ ಕೆಲ್ಸ ಮಾಡ್ಬೋದು ಅಂತ. ನಾನೇ ನಂಬ್ಲಿಲ್ಲ. ಅವ್ರಿಗೇನ್ ಗೊತ್ತು, ಕೆಂಪ ನನ್ನ ಕೆಲ್ಸ ದಿನಾ ನೋಡೋನು, ಅವನು ಸುಳ್ಳು ಹೇಳ್ತಾನಾ ಅಂದ್ಕೊಂಡೆ."

ಹೋಲ್ಡರನ್ನು ತಂದು ಅವರ ಮುಂದೆ ಹಿಡಿದೆ. ಅವರು ಅದರ ಹಿಡಿಯನ್ನು ಒಮ್ಮೆ ಮುಟ್ಟಿ, "ದೇವ್ರ ಮುಂದೆ ಕೊಟ್ಟಿದ್ದು" ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. ಮೊಮ್ಮಗಳು ಒಂದು ಗಿಳಿಯನ್ನು ಎಳೆದುಕೊಂಡು ಆಡುತ್ತಿದ್ದಳು. ತಗಡಿನ ಅಂಚು ಚುಚ್ಚೀತೆಂದು ಅಣ್ಣ ಮೆಲ್ಲಗೆ ಅದನ್ನು ಬಿಡಿಸಿ, ಅವಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡರು. ಅವಳ ಕಾಲು ಅವರ ತೊಡೆಯವರೆಗೆ ಬರುತ್ತಿತ್ತು. ಬಾಗಿಲ ಹತ್ತಿರ ಹೋದವರು ಗೋಡೆಗೊರಗಿದ್ದ ಪೈಪುಗಳ ಕಡೆ ತಿರುಗಿ ನಿಂತರು.

"ಹಂಗಾದ್ರೆ ತೊಟ್ಟಿಲು ನಾನೇ ಮಾಡ್ಬೋದಾಗಿತ್ತು" ಎಂದರು. ನನಗೆ ಹೇಳಿದ್ದಲ್ಲ. ಮಗುವಿಗೆ ಹೇಳಿದರು.